ಹೊಳೆವ್ವ ತಿರುಗಿಸಿದ ದಿಕ್ಕು

ಪೀಣ್ಯದಲ್ಲಿ ಸೂರ್ಯನನ್ನು ನನಗಿಂತ ಚೆನ್ನಾಗಿ ಬಲ್ಲವರು ಇರಲಿಲ್ಲ. ನಲವತ್ತು ವರ್ಷ ತಪ್ಪದೆ ಅರ್ಘ್ಯ ಕೊಟ್ಟವನು ನಾನು, ನನ್ನ ಚೊಂಬು ತಡವಾದ ದಿನ ಅವನೂ ತಡವಾಗಿ ಹುಟ್ಟುತ್ತಿದ್ದ. ಹೊಳೆವ್ವನಾದರೋ ಅವನ ಮುಖವನ್ನೇ ನೋಡುತ್ತಿರಲಿಲ್ಲ. ಸೀರೆಯ ಮೇಲೆ ಬೆಸುಗೆಯ ಕಿಡಿ ತೂತು ಕೊರೆದ ಗಂಡಸರ ಖಾಕಿ ಕೋಟು, ಎರಡು ಹೆಜ್ಜೆಗೊಮ್ಮೆ ನಿಂತು ತನ್ನ ನೆರಳನ್ನು ಅಳೆಯುವ ನಡಿಗೆ. ಬಸ್ಸಿಳಿದು ಕಾರ್ಖಾನೆ ಸೇರುವಷ್ಟರಲ್ಲಿ ಎರಡು ಋತುಗಳು ಕಳೆಯುತ್ತಿದ್ದವು.

ಕುಷ್ಟಗಿಯ ಕಡೆಯಿಂದ ಗಾರೆ ಕೆಲಸಕ್ಕೆ ಬಂದವಳು, ನನ್ನ ಮನೆ ಪಕ್ಕದ ರುದ್ರೇಶನ ಸೋಲಾರ್ ಹೀಟರ್ ಕಾರ್ಖಾನೆಯಲ್ಲಿ ತಾಮ್ರದ ಪೈಪು ತೊಳೆಯುತ್ತ ತೊಳೆಯುತ್ತ ಬೆಸುಗೆಯನ್ನೇ ಕಲಿತಿದ್ದಳು. ತೊಂಬತ್ತಾರರ ಡಿಸೆಂಬರ್, ತಾರಸಿಗೆ ಸೋಲಾರ್ ಕಡ್ಡಾಯವೆಂದು ಸರ್ಕಾರ ಇನ್ನೂ ಹೇಳಿರದ, ಕರೆಂಟು ಮಾತ್ರ ದೂರದ ನೆಂಟನಂತೆ ಬಂದು ಹೋಗುತ್ತಿದ್ದ ಕಾಲ.

"ಯಜಮಾನರ ಮನೇಲಿ ಸಂಜೆ ನಾಲ್ಕಕ್ಕೆ ನೀರು ಕೈ ಸುಡಬೇಕು, ಹೊಳೆವ್ವ. ಸುಟ್ರೆ ನೀನೇ ಫಿಟ್ಟರ್. ಇಲ್ಲಾಂದ್ರೆ ಮತ್ತೆ ಪೈಪ್ ತೊಳಿ" ಎಂದಿದ್ದ ರುದ್ರೇಶ್, ನನ್ನ ತಾರಸಿಗೆ ಹೀಟರ್ ಕೂರಿಸಲು ಅವಳನ್ನು ಕಳಿಸುವಾಗ.

ಅವಳು ಪ್ಯಾನೆಲನ್ನು ದಕ್ಷಿಣಕ್ಕೆ ತಿರುಗಿಸಿದಳು. ನಾನು ಹೌಹಾರಿದೆ.

"ಯಮನ ದಿಕ್ಕಿಗಾ? ಸೂರ್ಯ ಹುಟ್ಟೋದು ಪೂರ್ವದಲ್ಲಿ ಕಣಮ್ಮ."

"ತಡೀರಿ ಯಜಮಾನ್ರ. ಈ ತಿಂಗಳು ಅವ ದಕ್ಷಿಣಕ್ಕ ವಾಲ್ಯಾನ. ನೆಳ್ಳು ನೋಡ್ರಿ."

"ಸೂರ್ಯನ್ನ ನನಗೇ ತೋರಿಸ್ತೀಯಾ?"

ಮನೆ ನನ್ನದು, ಪೂರ್ವಕ್ಕೆ ತಿರುಗಿಸಿದಳು. ಹತ್ತಕ್ಕೆ ನೀರು ಬೆಚ್ಚಗಾದಾಗ ನಾನು ಬೀದಿಗೆಲ್ಲ ಸಾರಿದೆ. ಮಧ್ಯಾಹ್ನ ಸೂರ್ಯ ಪಶ್ಚಿಮಕ್ಕೆ ವಾಲಿದಾಗ, ಹಿಂದಿನ ಸಿಮೆಂಟು ಟ್ಯಾಂಕಿನ ನೆರಳು ಪ್ಯಾನೆಲಿನ ಮೇಲೆ ಎಮ್ಮೆಯಂತೆ ಮಲಗಿತು. ನಾಲ್ಕಕ್ಕೆ ರುದ್ರೇಶ್ ಕೈಯಿಟ್ಟ ನೀರು ನನ್ನ ಮಾವನ ಮನೆಯ ಉಪಚಾರದಷ್ಟೇ ಬಿಸಿಯಿತ್ತು. ಹೊಳೆವ್ವ ನನ್ನ ಹೆಸರೆತ್ತಲಿಲ್ಲ. "ಇನ್ನೊಂದಿನ ಕೊಡ್ರಿ" ಎಂದಷ್ಟೇ ಕೇಳಿದಳು. ದಿಕ್ಕು ನನ್ನದೆಂದು ನಾನೇ ಒಪ್ಪಿಕೊಳ್ಳಬೇಕಾಯಿತು.

ಮರುದಿನ ಟ್ಯಾಂಕಿನ ನೆರಳು ತಾಕದ ಜಾಗದಲ್ಲಿ, ದಕ್ಷಿಣಕ್ಕೆ ಮುಖ ಮಾಡಿ ಕೂತ ಪ್ಯಾನೆಲಿನ ನೀರಿನಲ್ಲಿ ಅರ್ಧ ಪೀಣ್ಯ ಕಾಫಿ ಮಾಡಿಕೊಳ್ಳಬಹುದಿತ್ತು. ರುದ್ರೇಶ್ ಸುಟ್ಟ ಬೆರಳನ್ನು ಊದಿಕೊಳ್ಳುತ್ತಲೇ ಫಿಟ್ಟರಿನ ಚೀಲವನ್ನು ಅವಳ ಹೆಗಲಿಗೇರಿಸಿದ.

ಬೆಳಕಿಗೆ ಕೈಮುಗಿದು ಪುಣ್ಯ ಕಟ್ಟಿಕೊಳ್ಳುವವರು ನನ್ನಂಥ ಸಾವಿರ ಮಂದಿ. ನೆರಳನ್ನು ಅಳೆದಳೆದು ಆ ಬೆಳಕನ್ನೇ ಕೆಲಸಕ್ಕೆ ಹಚ್ಚುವವರು ವಿರಳ. ಈ ಊರಿನ ತಾರಸಿಗಳು ಒಂದೊಂದಾಗಿ ಬೆಚ್ಚಗಾಗುತ್ತಿರುವುದು ಅವರಿಂದ. ಅಂಥವಳೊಬ್ಬಳು ನನ್ನ ಪಕ್ಕದ ಕಾರ್ಖಾನೆಯವಳೆನ್ನುವಾಗ ನನ್ನ ಎದೆ ಅಂಗಿಯ ಗುಂಡಿ ಕಿತ್ತುಕೊಂಡು ಹಿಗ್ಗುತ್ತದೆ.

ಚೀಲ ಹೆಗಲೇರಿದ ಆ ದಿನ ಮಾತ್ರ ಪೂರ್ತಿ ಸೋಲೊಪ್ಪದೆ ಕೆಣಕಿದ್ದೆ: "ಯಮನ ಕಡೆ ಮುಖ ಮಾಡ್ಸಿದೀಯ. ನನಗೇನಾದ್ರೂ ಆದ್ರೆ?"

ಅವಳು ಕೋಟಿನ ಗುಂಡಿ ಹಾಕಿಕೊಂಡು, ನೆರಳನ್ನೊಮ್ಮೆ ನೋಡಿ ಹೇಳಿದಳು:

"ಯಮ ಯಾರ ಮಗ ರೀ ಯಜಮಾನ್ರ? ಸೂರ್ಯಪ್ಪನ ಮಗ ಅಲ್ಲೇನು? ಅಪ್ಪ ದುಡಿಯೋವಾಗ ಮಗ ಅಡ್ಡ ಬರ್ತಾನೇನು?"