ಎರಡು ಮಾತ್ರೆಯ ಜಾಗ

ಮದರಾಸಿನ ಕನ್ನಡ ಸಂಘದ ವಾರ್ಷಿಕ ಸಂಚಿಕೆಗೆ ಬಂದ ಯಾವ ಪದ್ಯವೂ ಬದರಿನಾಥನ ಪೆನ್ಸಿಲ್ ತಪ್ಪಿಸಿಕೊಂಡು ಅಚ್ಚಾದದ್ದಿಲ್ಲ. ಹಗಲು ಆಫೀಸಿನಲ್ಲಿ ಗುಮಾಸ್ತ. ಸಂಜೆ ಛಂದಸ್ಸಿನ ಪೊಲೀಸು. ೧೯೫೭ರಲ್ಲಿ ಅಧ್ಯಕ್ಷರ ಪ್ರಾರ್ಥನಾ ಪದ್ಯವನ್ನೇ, ಒಂದು ಮಾತ್ರೆ ಹೆಚ್ಚಾಯಿತೆಂದು ವಾಪಸು ಕಳಿಸಿದ್ದ.

ಮರುವರ್ಷ ಒಂದು ಪದ್ಯ ಕಾಫಿಯ ಜೊತೆಗೆ ಬಂತು. ಮಾಂಬಲಂ ಸ್ಟೇಷನ್ ಪಕ್ಕದ ಹೋಟೆಲಿನ ಸಪ್ಲೈಯರ್ ವಿಷ್ಣುಮೂರ್ತಿ ಲೋಟ ಇಟ್ಟು, ಕಾಗದವನ್ನೂ ಇಟ್ಟ.

ಕಡಲಿನ ದಡದಲಿ ಕುಳಿತೆವು ಇಬ್ಬರು
ಗಡಿಬಿಡಿ ಇಲ್ಲದೆ ಎಣಿಸಿದೆವಲೆಗಳ
ಹುಡುಗೀ, ಹೇಳಲೆ ಮುಂದಿನ ಕಥೆ
ಬಿಡದೆಯೆ ಬರುತಿದೆ ಮತ್ತೊಂದಲೆಯೂ

ಬದರಿನಾಥ ಲಘುವಿಗೆ ಒಂದು, ಗುರುವಿಗೆ ಎರಡು ಎಂದು ಅಕ್ಷರಗಳ ತಲೆಯ ಮೇಲೆ ಗುರುತು ಹಾಕುತ್ತ ಹೋದ.

"ಸಾಲಿಗೆ ಹದಿನಾರು ಮಾತ್ರೆ. ಡ, ಡಿ, ಡು, ಡ, ಪ್ರಾಸ ಕರೆಕ್ಟು. ಪರವಾಯಿಲ್ಲೈಯೇ ಮೂರ್ತಿ!" ಪೆನ್ಸಿಲ್ ನಿಂತಿತು. "ಮೂರನೇ ಸಾಲಲ್ಲಿ ಹದಿನಾಲ್ಕೇ ಇದೆ. ಕೊನೇಲಿ ಒಂದು 'ನಾ' ಸೇರಿಸ್ಬಿಡು. 'ಮುಂದಿನ ಕಥೆ ನಾ.' ಆಯ್ತು."

"ಬೇಡ ರಾಯರೇ."

"ಬೇಡ ಅನ್ನಕ್ಕೆ ಛಂದಸ್ಸೇನು ಎರಡನೇ ಸಲದ ಸಾಂಬಾರಾ?"

"ತಂಗಿ ತುಂಗಾಗೆ ಬರ್ದದ್ದು. ಸಣ್ಣದಿರುವಾಗ ನಾನು ಕಥೆ ನಿಲ್ಲಿಸಿ 'ಹೇಳಲೆ' ಅಂದ್ರೆ ಅವಳು ಅಲ್ಲಿ 'ಹೂಂ' ಅನ್ಬೇಕು. ಅನ್ನದಿದ್ರೆ ಕಥೆ ಬಂದ್. ಅವಳ ಮದುವೆಗೆ ಯಜಮಾನ್ರು ರಜೆ ಕೊಡ್ಲಿಲ್ಲ, ನಾನು ಹೋಗ್ಲಿಲ್ಲ. ಮೂರು ವರ್ಷ ಆಯ್ತು, ಒಂದು ಕಾಗದಕ್ಕೂ ಉತ್ತರ ಇಲ್ಲ. ಅಚ್ಚಾದ ಪುಸ್ತಕ ಆದ್ರೆ ಬಿಡಿಸಿ ನೋಡ್ತಾಳೆ. ನೀವು ಅಲ್ಲಿ 'ನಾ' ತುಂಬಿಸಿದ್ರೆ ಅವಳಿಗೆ ಜಾಗ ಎಲ್ಲುಂಟು ಮಾರಾಯ್ರೆ?"

"ಹಾಗೇ ಬಿಟ್ಟರೆ, ಬದರಿಗೆ ಎಣಿಸಕ್ಕೇ ಬರಲ್ಲ ಅಂತಾರೆ ಜನ."

ವಿಷ್ಣುಮೂರ್ತಿ ಪಕ್ಕದ ಮೇಜು ಒರೆಸಲು ಹೋದ.

ಮನೆಯಲ್ಲಿ ಬದರಿನಾಥ, ತಿರಸ್ಕರಿಸುವ ಮುಂಚಿನ ಕ್ರಮದಂತೆ, ಪದ್ಯವನ್ನು ಗಟ್ಟಿಯಾಗಿ ಓದಿದ. ಹೆಂಡತಿ ಜಯಲಕ್ಷ್ಮೀ ಅಡಿಗೆಮನೆಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದಳು.

"ಹುಡುಗೀ, ಹೇಳಲೆ ಮುಂದಿನ ಕಥೆ..."

"ಹೂಂ," ಅಂದಳು ಜಯಲಕ್ಷ್ಮೀ.

"ಏನಂದೆ?"

"ನಾನೆಲ್ಲಿ ಏನಂದೆ? ಓದಿ, ಕೇಳಿಂಡೇ ಇದೀನಿ."

ಹನ್ನೊಂದು ವರ್ಷದಿಂದ ಅವನು ಓದಿದ್ದಕ್ಕೆಲ್ಲ ಅವಳು ಹಾಗೇ ಅನ್ನುತ್ತ ಬಂದಿದ್ದಳು. ಅದನ್ನು ಅವನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಈಗ ಹಿಡಿದ. ಒಂದು ಗುರು, ಎರಡು ಮಾತ್ರೆ. ಸಾಲು ಸರಿಹೋಯಿತು.

'ಕಥೆ' ಆದಮೇಲಿನ ಖಾಲಿ ಜಾಗದ ತಲೆಯ ಮೇಲೆ ಗುರುವಿನ ಗೆರೆ ಎಳೆದ. ಅಂಚಿನಲ್ಲಿ ಪ್ರೆಸ್ಸಿನವರಿಗೆ ಬರೆದ: "ಇಲ್ಲಿ ಜಾಗ ಬಿಡುವುದು. ಏನನ್ನೂ ತುಂಬಬಾರದು."