ಗೋಡೆಗೆ ಮುಖ ಮಾಡಿದ ಕುರ್ಚಿ

ಬುಧವಾರದ ದನಿಗೆ ಸ್ವಲ್ಪ ನೆಗಡಿ ಇರಲಿ ಎಂದುಕೊಂಡು ಅವನು ಮೂಗನ್ನು ಎರಡು ಬೆರಳಿನಿಂದ ಒತ್ತಿ ಹಿಡಿದ. "ಅಮ್ಮಾ, ಊಟ ಆಯ್ತಾ? ಇಲ್ಲಿ ಚಳಿ ಶುರುವಾಗಿದೆ. ಮೂಗು ಕಟ್ಟಿದೆ ಅಷ್ಟೆ, ಗಾಬರಿ ಆಗ್ಬೇಡ." ಬೆರಳು ತೆಗೆದು ಕೇಳಿಸಿಕೊಂಡ. ಚೆನ್ನಾಗಿಯೇ ಬಂದಿತ್ತು. ವರ್ಷವಿಡೀ ನೆಗಡಿಯೇ ಆಗದ ಮಗನನ್ನು ಯಾವ ತಾಯಿ ನಂಬುತ್ತಾಳೆ?

ಗುರುವಾರಕ್ಕೆ ನೆಗಡಿ ಅರ್ಧ ವಾಸಿಯಾಗಬೇಕು. ಶುಕ್ರವಾರ ಒಂದು ನಗು.

ನಿರಾಶ್ರಿತರ ಶಿಬಿರದ ಉಗ್ರಾಣದಲ್ಲಿ, ಕಂಬಳಿಗಳ ಅಟ್ಟಿಗಳ ನಡುವೆ ಕೂತು, ಪ್ರತಿ ಭಾನುವಾರ ಬೆಳಿಗ್ಗೆ ಅವನು ಮುಂದಿನ ವಾರದ ಮಾತನ್ನೆಲ್ಲ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಇಡುತ್ತಿದ್ದ. ಆಮೇಲೆ ದಿನಕ್ಕೊಂದರಂತೆ ಮನೆಗೆ ಕಳಿಸುವುದು. ಪರದೇಶಕ್ಕೆ ಸ್ವಯಂಸೇವಕನಾಗಿ ಬಂದ ಹೊಸತರಲ್ಲಿ ದಿನವೂ ಕರೆ ಮಾಡುತ್ತಿದ್ದ. ಊಟ, ಹವೆ, ಆರೋಗ್ಯ ಮುಗಿದ ಮೇಲೆ ಎರಡೂ ಕಡೆ ಬರೀ ಉಸಿರು ಕೇಳಿಸುವ ಒಂದು ಹೊತ್ತು ಬರುತ್ತಿತ್ತು. ಅದನ್ನು ತಡೆಯಲಾರದೆ ಈ ದಾರಿ ಹುಡುಕಿಕೊಂಡಿದ್ದ. ಮನಃಶಾಸ್ತ್ರದಲ್ಲಿ ಎಂ.ಎ. ಮಾಡಿದವನು. ಮೌನದ ಮೇಲೆ ಪ್ರಬಂಧ ಬರೆದು ಭೇಷ್ ಅನ್ನಿಸಿಕೊಂಡವನು.

ಯಾವ ದಿನದ ಮಾತಾದರೂ ಕೊನೆಯ ಸಾಲು ಒಂದೇ: "ಇನ್ನೇನಮ್ಮ, ಬರೋ ತಿಂಗಳು ಬಂದೇಬಿಡ್ತೀನಲ್ಲ."

ಮುಂದಿನ ಭಾನುವಾರದ್ದಕ್ಕೂ ಆ ಸಾಲು ಸೇರಿಸಿ ಏಳುವಷ್ಟರಲ್ಲಿ ಶಿಬಿರದ ಮೇಲ್ವಿಚಾರಕಿ ಬಾಗಿಲಲ್ಲಿ ನಿಂತಿದ್ದಳು.

"ಇನ್ನೊಂದು ವರ್ಷ ಇರ್ತೀರೋ ಇಲ್ವೋ? ಇವತ್ತು ಸಂಜೆಯೊಳಗೆ ಹೇಳ್ಬಿಡಿ. ನಿಮ್ಮ ಜಾಗಕ್ಕೆ ಬೇರೆಯವರನ್ನ ನೋಡ್ಬೇಕು."

"ಯೋಚ್ನೆ ಮಾಡ್ತಿದೀನಿ."

"ಅದನ್ನ ಹೋದ ತಿಂಗಳಿಂದ ಮಾಡ್ತಿದೀರಿ."

"ಮನೇಲಿ ಒಂದ್ಮಾತು ಕೇಳ್ಬೇಕು."

"ಕೇಳಿ ಮತ್ತೆ. ದಿನವಿಡೀ ಫೋನಿನ ಕೋಣೇಲೇ ಕೂತಿರ್ತೀರಲ್ಲ." ಅವಳು ನಗಲಿಲ್ಲ.

ಕೇಳಿದರಾಯಿತು ಎಂದುಕೊಂಡ. ಅಮ್ಮ ಬಾ ಅಂದರೆ ಹೋಗುವುದು. ತಾನಾಗಿ ಏನನ್ನೂ ತೀರ್ಮಾನಿಸಬೇಕಿಲ್ಲವೆಂದು ಹೊಳೆದದ್ದೇ ಮೈ ಹಗುರವಾಯಿತು. ಆ ಹಗುರದ ಬಗ್ಗೆ ನಾಚಿಕೆಯೂ ಆಯಿತು, ಆದರೆ ಅದು ತುಸು ತಡವಾಗಿ.

ಊರಿನ ಗೆಳೆಯ ಗಡ್ಡನ ಮೆಸೇಜು ಬಂದಿತ್ತು. "ಏನೋ ಸನ್ಯಾಸಿ, ಲೋಕ ರಿಪೇರಿ ಆಯ್ತಾ? ಇಲ್ಲಿ ನಿನ್ನ ಬೈಕ್ ತುಕ್ಕು ಹಿಡೀತಿದೆ. ಇಟ್ಕೊಳ್ಳೋದಾ ಮಾರೋದಾ ಹೇಳು, ನನಗೆ ಅದಕ್ಕೆ ದಿನಾ ಕಿಕ್ ಹೊಡ್ದು ಹೊಡ್ದು ಕಾಲು ಸೊಟ್ಟ ಆಗಿದೆ." 'ಮಾರಿಬಿಡು' ಎಂದು ಒತ್ತಿದ. ಅಳಿಸಿದ. ನಗುವ ಮುಖವೊಂದನ್ನು ಕಳಿಸಿದ.

ಶಿಬಿರ ಇದ್ದದ್ದು ಮುಚ್ಚಿಹೋದ ಕಾರ್ಖಾನೆಯೊಂದರಲ್ಲಿ. ಹಿಂದೆ ಗೇಟಿನ ಕಾವಲುಗಾರ ಕೂರುತ್ತಿದ್ದ ಕೋಣೆಯೇ ಈಗ ಫೋನಿನ ಕೋಣೆ. ಊರು ಬಿಟ್ಟು ಬಂದವರು ಇಲ್ಲಿಂದ ತಮ್ಮವರಿಗೆ ಪುಕ್ಕಟೆ ಕರೆ ಮಾಡಬಹುದು. ಕಟ್ಟಳೆ ಒಂದೇ: ನಂಬರು ಒತ್ತಿಕೊಟ್ಟು, ಆ ಕಡೆ ಯಾರಾದರೂ ಎತ್ತಿದರೆಂದು ಗೊತ್ತಾದೊಡನೆ, ಸ್ವಯಂಸೇವಕ ತನ್ನ ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿ ಕೂರಬೇಕು. ಕೋಣೆ ಬಿಟ್ಟು ಹೋಗುವಂತಿಲ್ಲ. ಬರುವ ಸುದ್ದಿ ಎಂಥದ್ದೋ, ಕೇಳಿ ಕುಸಿದುಬಿದ್ದವರಿದ್ದಾರೆ. ನೋಡುವಂತೆಯೂ ಇಲ್ಲ.

ಈ ಕೆಲಸಕ್ಕೆ ಅವನಂಥವನು ಸಿಗಲಾರ ಎಂದು ಎಲ್ಲರೂ ಹೇಳುತ್ತಿದ್ದರು. ಅಲ್ಲಿಗೆ ಬರುವವರ ಭಾಷೆ ಅವನಿಗೆ ಬರುತ್ತಿರಲಿಲ್ಲವಲ್ಲ. ಬೆನ್ನ ಹಿಂದೆ ಅಳು, ಬೈಗುಳ, ಮುದ್ದು. ಮನೆಯವರಿಗೆ ಹೇಳುವ ಸುಳ್ಳಿನ ರಾಗ ಎಲ್ಲ ಭಾಷೆಯಲ್ಲೂ ಒಂದೇ ಎಂದು ಅವನು ಗೋಡೆ ನೋಡುತ್ತಲೇ ಕಲಿತಿದ್ದ. ಗೋಡೆಯಲ್ಲಿ ಬಣ್ಣ ಎದ್ದ ಒಂದು ಕಡೆ ಕುದುರೆಯ ತಲೆಯಂತೆ ಕಾಣುತ್ತಿತ್ತು. ಕೆಲವು ದಿನ ಬರೀ ಬಣ್ಣ ಎದ್ದ ಗೋಡೆಯಂತೆಯೇ ಕಾಣುತ್ತಿತ್ತು.

ಮಧ್ಯಾಹ್ನದ ಸರದಿಯಲ್ಲಿ, ಅವನು ಹಿಂದೆ ಕಾಣದ, ಬೂದು ಶಾಲಿನ ಹೆಂಗಸೊಬ್ಬಳು ಬಂದಳು. ನಂಬರು ಒತ್ತಿಕೊಟ್ಟು ತಿರುಗಿ ಕೂತ.

ಸದ್ದಿಲ್ಲ. ಕುದುರೆಯ ಕಿವಿಯಿಂದ ಮೂತಿಯವರೆಗೂ ನೋಡಿ ಮುಗಿಸಿದ. ಆಗಲೂ ಇಲ್ಲ. ಬೆನ್ನಿನ ಹಿಂದಿನ ಆ ನಿಶ್ಶಬ್ದ ಕುತ್ತಿಗೆಯ ಮೇಲೆ ಕೈಯಿಟ್ಟಂತೆ ಕೂತಿತು. ಲೈನು ಸತ್ತಿರಬೇಕು; ಪಾಪ, ಹೇಳಲು ಸಂಕೋಚ. ಕಟ್ಟಳೆ ಮುರಿದು ತಿರುಗಿದ. ಹೆಂಗಸು ರಿಸೀವರನ್ನು ಕಿವಿಗೊತ್ತಿ ಕಣ್ಣು ಮುಚ್ಚಿದ್ದಳು. ಮೆಲ್ಲನೆ ಅವಳ ಕೈಯಿಂದ ಅದನ್ನು ತೆಗೆದುಕೊಂಡು, "ಹಲೋ? ಹಲೋ?" ಎಂದ.

ಆ ಕಡೆ ಟಕಟಕ ಎಂದು ಏನೋ ಓಡುತ್ತಿತ್ತು. ನಿಂತಿತು. ಹೆಣ್ಣುದನಿಯೊಂದು ಬೆದರಿ ಏನೋ ಕೇಳಿತು, ಮತ್ತೆ ಕೂಗಿ ಕೇಳಿತು. ಹೆಂಗಸು ರಿಸೀವರ್ ಕಿತ್ತುಕೊಂಡು ಎರಡು ಮಾತಾಡಿ ಇಟ್ಟುಬಿಟ್ಟಳು. ಅವಳ ಮುಖದಲ್ಲಿ ಸಿಟ್ಟಿದ್ದರೆ ಒಳ್ಳೆಯದಿತ್ತು.

ಶಿಬಿರದ ದುಭಾಷಿ ಆಮೇಲೆ ಚಹಾ ಹಿಡಿದು ಬಂದ. ಕನ್ನಡಕ ನೋಡಿ ಇವನನ್ನು ಮೇಷ್ಟ್ರು ಎಂದು ಕರೆಯುವವನು.

"ಏನ್ ಮೇಷ್ಟ್ರೇ, ಬೆಂಕಿ ಹಚ್ಚಿದ್ರಂತೆ?"

"ಲೈನ್ ಸತ್ತಿದೆ ಅಂದ್ಕೊಂಡೆ."

"ಅವಳ ತಂಗಿ ದರ್ಜಿ. ಫೋನ್ ಎತ್ತಿ ಮಿಷನ್ ಪಕ್ಕ ಇಟ್ಟು ಹೊಲೀತಾ ಇರ್ತಾಳೆ. ಇವಳು ಅದನ್ನ ಕೇಳ್ತಾ ಕೂತಿರ್ತಾಳೆ."

"ಮಾತೇ ಆಡಲ್ವಾ?"

"ಆಡಿದ್ರೆ ಮಿಷನ್ ನಿಂತ್ಹೋಗುತ್ತಲ್ಲ! ಇವತ್ತು ಗಂಡಸಿನ ದನಿ ಕೇಳಿ, ಅಕ್ಕನಿಗೇ ಏನೋ ಆಯ್ತು ಅಂತ ಬೊಬ್ಬೆ ಹೊಡೆದಿದ್ದಾಳೆ ಪಾಪ." ಚಹಾ ಹೀರಿದ. "ಸಂಜೆ ಕೊನೇಲಿ ಅವಳಿಗೆ ಇನ್ನೊಂದು ಸರದಿ ಕೊಟ್ಬಿಡಿ, ನಿಮ್ಮ ಪಾಪ ಕಳೀಲಿ."

ಆಗಲಿ ಎಂದ. ಹೋದ ಭಾನುವಾರವೇ ಸಿದ್ಧಮಾಡಿಟ್ಟಿದ್ದ ಈ ದಿನದ ಮಾತನ್ನು ಮನೆಗೆ ಕಳಿಸಿದ. ಅಕ್ಕನ ಉತ್ತರ ಬಂತು: "ಬಂತು ಕಣೋ. ಅಮ್ಮ ಕೆಲಸ ಮುಗಿಸಿ ಸಂಜೆ ಕೇಳ್ತಾಳೆ. ಕಿವಿ ಮಂದ ಆಗಿದೆ ಅಂತ ಈಗ ತನ್ನ ಮೊಬೈಲನ್ನ ಸ್ಟೀಲ್ ಪಾತ್ರೆಯೊಳಗೆ ಇಟ್ಟು ಜೋರು ಮಾಡ್ಕೋತಾಳೆ. ದಿನಾ ನಿನ್ನನ್ನ ಪಾತ್ರೆಗೆ ಹಾಕ್ಕೊಂಡು ಕೂರೋದೇ. ನಿಮ್ಮ ಭಾವ ಬೇರೆ, ಸೌಟು ಕೊಡ್ಲಾ ಅತ್ತೆ ಅಂತ ಗೇಲಿ ಮಾಡ್ತಾರೆ."

ಓದಿ ನಕ್ಕ. ನಕ್ಕಮೇಲೆ ಕೋಣೆ ಇನ್ನಷ್ಟು ದೊಡ್ಡದಾಯಿತು.

ಸಂಜೆ ಎಲ್ಲರ ಸರದಿ ಮುಗಿಯಿತು. ಬೂದು ಶಾಲಿನ ಹೆಂಗಸು ಬಂದು ಬಾಗಿಲ ಬಳಿಯ ಬೆಂಚಿನಲ್ಲಿ ಕೂತಳು. ಒಂದು ನಿಮಿಷ ಎಂದು ಬೆರಳು ತೋರಿಸಿದ. ತಲೆಯಾಡಿಸಿದಳು. ಅವನು ತನ್ನ ಮೊಬೈಲಿನಿಂದ ಮಾಡಿದರೆ ಅಕ್ಕ ವಿಡಿಯೋ ಹಾಕು ಅನ್ನುತ್ತಾಳೆ. ಈ ಮಾತಿಗೆ ಮುಖ ಬೇಡವಾಗಿತ್ತು. ಕರೆ ಮಾಡುವವರ ಕುರ್ಚಿಯಲ್ಲಿ ಮೊದಲ ಬಾರಿಗೆ ಕೂತು ಅಕ್ಕನ ನಂಬರು ಒತ್ತಿದ.

"ಯಾರು?"

"ನಾನೇ ಕಣೇ."

"ಅಯ್ಯೋ! ಏನಾಯ್ತೋ? ಹುಷಾರಾಗಿದೀಯ ತಾನೇ?"

"ಫೋನ್ ಮಾಡಿದ್ರೆ ಏನಾದ್ರೂ ಆಗಿರ್ಲೇಬೇಕಾ?"

"ನೀನು ಮಾಡಿದ್ರೆ ಹೌದು."

"ಅಕ್ಕಾ... ಇನ್ನೊಂದು ವರ್ಷ ಇಲ್ಲೇ ಇರು ಅಂತಿದ್ದಾರೆ."

ಆ ಕಡೆ ಉಸಿರು. ಕುಕ್ಕರಿನ ಸೀಟಿ.

"ನೀನೇನಂದೆ?"

"ಇನ್ನೂ ಏನೂ ಅಂದಿಲ್ಲ."

"ಹಂಗಂದ್ರೆ ಇರ್ತೀಯ."

"ಅಮ್ಮ ಏನಂತಾಳೋ ಹಾಗೆ ಅಂತ..."

"ಎಲ್ಲಾ ಅವಳ ತಲೆ ಮೇಲೆ ಹಾಕು. ಇದನ್ನ ನಾನು ಹೇಳಲ್ಲಪ್ಪ, ನೀನೇ ಹೇಳು. ತಡಿ, ಕೊಡ್ತೀನಿ."

ಹೆಜ್ಜೆಯ ಸದ್ದು. ಬಾಗಿಲು. "ಅಮ್ಮಾ, ತಗೋ, ಫೋನು."

"ಶ್! ಸುಮ್ನಿರೇ. ಅವನು ಮಾತಾಡ್ತಿದ್ದಾನೆ."

"ಅಯ್ಯೋ, ಇದ್ರಲ್ಲೂ ಅವನೇ ಇರೋದು—"

"ಇದು ಮುಗೀಲಿ ಇರೇ!"

ಅಕ್ಕ ನಕ್ಕಳು. "ಇರೋ, ನೀನು ಮಾತಾಡಿ ಮುಗೀಲಿ. ನಾನು ಒಲೆ ಆರಿಸಿ ಬಂದೆ." ಮೊಬೈಲನ್ನು ಎಲ್ಲೋ ಇಟ್ಟ ಸದ್ದು. ಹೆಜ್ಜೆಗಳು ದೂರವಾದವು.

ಆಗ ಅವನಿಗೆ ಅವನದೇ ದನಿ ಕೇಳಿಸಿತು. ಖಾಲಿ ಪಾತ್ರೆಯೊಳಗಿಂದ, ಸ್ವಲ್ಪ ಗುಂಯ್‌ಗುಟ್ಟುತ್ತ, ಅವನಿಗಿಂತ ತುಂಬಿದ ದನಿ. ರೆಕಾರ್ಡ್ ಮಾಡುವಾಗ ಮುಂದಿನ ಸಾಲು ಹುಡುಕಲು ಅವನು ಮಾತಿನ ನಡುವೆ ನಿಲ್ಲುತ್ತಿದ್ದ. ಆ ತೆರಪುಗಳಲ್ಲಿ ಅಮ್ಮನ ಉತ್ತರಗಳು ಅಳತೆ ಕೊಟ್ಟು ಹೊಲಿಸಿದಂತೆ ಬಂದು ಕೂರುತ್ತಿದ್ದವು.

"ಮೊಣಕಾಲು ನೋವು ಹೇಗಿದೆ?"

"ಹಾಗೇ ಇದೆ. ನಿನ್ನ ಅಕ್ಕನಿಗೆ ಹೇಳ್ಬೇಡ, ಮೊನ್ನೆ ಬಚ್ಚಲಲ್ಲಿ ಜಾರಿಬಿದ್ದೆ."

"ಒಳ್ಳೇದು, ಹಾಗೇ ಹುಷಾರಾಗಿರು."

"ಹೂಂ. ನಿನ್ಹತ್ರ ಹೇಳಿದ್ರೆ ಸಮಾಧಾನ."

"ಇನ್ನೇನಮ್ಮ, ಬರೋ ತಿಂಗಳು ಬಂದೇಬಿಡ್ತೀನಲ್ಲ."

ಅವನು ಉಸಿರು ಹಿಡಿದ.

"ಬರೋದು ಬಿಡೋದು ಆಮೇಲಾಯ್ತು ಬಿಡು. ದಿನಾ ಹೀಗೆ ಕೂತು ಮಾತಾಡ್ತೀಯಲ್ಲ, ಅಷ್ಟು ಸಾಕಪ್ಪ ನಂಗೆ."

ಪಾತ್ರೆಗೆ ಉಗುರು ತಾಕಿದ ಸದ್ದು. ಮತ್ತೆ ಮೊದಲಿಂದ: "ಅಮ್ಮಾ, ಊಟ ಆಯ್ತಾ?"

"ಆಯ್ತಪ್ಪ."

ಬಾಯಿ ತೆರೆದ. ಅಮ್ಮಾ ಎಂದು ಗಟ್ಟಿಯಾಗಿ ಕೂಗಿದರೆ ಕೇಳಿಸೀತು. ಕೇಳಿಸಿದರೆ, ಅಲ್ಲಿ ನಡೆಯುತ್ತಿರುವುದು ನಿಲ್ಲುತ್ತದೆ. ಅವಳು ಬೆದರಿ ಯಾರು ಎನ್ನುತ್ತಾಳೆ. ಮಧ್ಯಾಹ್ನದ ಟಕಟಕ ನೆನಪಾಯಿತು. ಅದಕ್ಕಿಂತ ಹೆಚ್ಚಾಗಿ, ಅದು ನಿಂತದ್ದು.

ಬಾಗಿಲಲ್ಲಿ ಮೇಲ್ವಿಚಾರಕಿ ನಿಂತು ಏನಾಯ್ತು ಎಂಬಂತೆ ಹುಬ್ಬೇರಿಸಿದಳು. ಅವನು ರಿಸೀವರ್ ತೋರಿಸಿದ. ಅವಳು ಹೋಗಲಿಲ್ಲ, ಒಳಗೂ ಬರಲಿಲ್ಲ.

ಬೂದು ಶಾಲಿನ ಹೆಂಗಸು ಬೆಂಚಿನಿಂದ ಎದ್ದಳು. ತನ್ನ ಸರದಿ ಕೇಳುತ್ತಾಳೆಂದು ಅವನು ಅಂದುಕೊಂಡ. ಅವಳು ಖಾಲಿಯಾಗಿದ್ದ ಅವನ ಕುರ್ಚಿಯನ್ನು ಸದ್ದಾಗದಂತೆ ಎತ್ತಿ, ಗೋಡೆಯ ಕಡೆ ತಿರುಗಿಸಿಟ್ಟು, ಅವನಿಗೆ ಬೆನ್ನು ಮಾಡಿ ಕೂತಳು. ಕುದುರೆಯ ತಲೆ ಅವಳ ಶಾಲಿನ ಹಿಂದೆ ಮರೆಯಾಯಿತು.

ಅವನು ಬಾಯಿ ಮುಚ್ಚಿಕೊಂಡು ರಿಸೀವರನ್ನು ಕಿವಿಗೆ ಒತ್ತಿ ಹಿಡಿದ. ಆ ಕಡೆ ಅವನು ಮಾತಾಡುತ್ತಲೇ ಇದ್ದ.