ಇತರೆ

ಅಕ್ಕ ಬರುವ ವಿಮಾನವನ್ನು ನಿಲ್ಲಿಸುವ ಕಡತ ನನ್ನ ಮೇಜಿಗೇ ಬಂತು. ಇನ್ಯಾರ ಮೇಜಿಗೆ ಬರಬೇಕು? ಯಾವ ಮಾರ್ಗಕ್ಕೆ ಸರ್ಕಾರ ಸಹಾಯಧನ ಕೊಡಬೇಕು, ಯಾವುದಕ್ಕೆ ಬೇಡ ಎಂದು ವಿಮಾನಯಾನ ಇಲಾಖೆಗೆ ಹೇಳುವ ಅರ್ಥಶಾಸ್ತ್ರಜ್ಞ ನಾನು. ಹದಿನೆಂಟು ವರ್ಷದಿಂದ ಇದೇ ಕೆಲಸ.

ಹತ್ತೊಂಬತ್ತು ಸೀಟಿನ ಪುಟ್ಟ ವಿಮಾನ ಅದು. ವಾರಕ್ಕೆ ಎರಡು ಸಲ ಬೆಟ್ಟಸಾಲು ದಾಟಿ ಐವತ್ತು ನಿಮಿಷದಲ್ಲಿ ಇಲ್ಲಿಗೆ ಬರುತ್ತದೆ. ಬಸ್ಸಿನಲ್ಲಾದರೆ ಹನ್ನೊಂದು ಗಂಟೆ. ಅಕ್ಕ ಮೂರು ವಾರಕ್ಕೊಮ್ಮೆ ಅದರಲ್ಲಿ ಬಂದು, ದೊಡ್ಡಾಸ್ಪತ್ರೆಯಲ್ಲಿ ಕೀಮೋ ಹಾಕಿಸಿಕೊಂಡು, ನಮ್ಮ ಮನೆಯಲ್ಲಿ ಎರಡು ದಿನ ಮಲಗಿ ವಾಪಸು ಹೋಗುತ್ತಿದ್ದಳು. ಇನ್ನು ನಾಲ್ಕು ಸಲ ಬಾಕಿ ಇತ್ತು.

‘ಈ ಮಾರ್ಗದ ಸಾಮಾಜಿಕ ಪ್ರಯೋಜನ ನಗಣ್ಯ’ ಎಂದಿತ್ತು ಕಡತದಲ್ಲಿ. ನೂರಕ್ಕೆ ಅರವತ್ತೆರಡು ಪ್ರಯಾಣಿಕರ ಹೆಸರಿನ ಮುಂದೆ ಸೊನ್ನೆ. ಮೈಯೆಲ್ಲ ಉರಿದುಹೋಯಿತು. ಯಾವ ಕತ್ತೆ ಇದನ್ನು ಬರೆದದ್ದು ಎಂದು ಹಿಂದಿನ ಹಾಳೆಗಳನ್ನು ತಿರುವಿದೆ.

ಕತ್ತೆ ನಾನೇ.

ಪ್ರಯಾಣಿಕರಿಗೆ ಕೊಡುವ ಫಾರಮ್ಮನ್ನು ಎಂಟು ವರ್ಷದ ಹಿಂದೆ ಮಾಡಿದವನು ನಾನು. ಪ್ರಯಾಣದ ಉದ್ದೇಶಕ್ಕೆ ನಾಲ್ಕು ಚೌಕ: ವ್ಯಾಪಾರ, ಪ್ರವಾಸ, ಕುಟುಂಬ ಭೇಟಿ, ಇತರೆ. ಎಲ್ಲವೂ ಹಾಳೆಯ ಒಂದೇ ಮಗ್ಗುಲಲ್ಲಿ ಮುಗಿಯಬೇಕಿತ್ತು. ಚಿಕಿತ್ಸೆಗೆ ಜಾಗ ಸಾಲಲಿಲ್ಲ. ಸಾಲಲಿಲ್ಲವೋ, ಹೊಳೆಯಲೇ ಇಲ್ಲವೋ, ಈಗ ನೆನಪಿಲ್ಲ. ಪ್ರತಿ ಚೌಕದವರ ಸಮಯ ಎಷ್ಟು ಉಳಿಯಿತು, ಅದರ ಬೆಲೆ ಎಷ್ಟು ಎಂದು ಹಾಕುವ ನಿಯಮವೂ ನನ್ನದೇ. ಅದರ ಕೊನೆಯ ಸಾಲು: ‘ಉದ್ದೇಶ ತಿಳಿಯದ ಕಾರಣ, ಇತರೆ ಪ್ರಯಾಣಿಕರ ಸಮಯಕ್ಕೆ ಬೆಲೆ ಕಟ್ಟತಕ್ಕದ್ದಲ್ಲ.’ ಆ ಫಾರಮ್ಮಿಗೇ ನನಗೆ ಬಡ್ತಿ ಸಿಕ್ಕಿದ್ದು.

ಮಧ್ಯಾಹ್ನ ಮನೆಗೆ ಹೋದೆ. ಅಕ್ಕ ಮಂಚದ ಮೇಲಿದ್ದಳು, ಪಕ್ಕದಲ್ಲಿ ಬಕೆಟ್ಟು.

“ಅಕ್ಕಾ, ವಿಮಾನದಲ್ಲಿ ಒಂದು ಫಾರಂ ಕೊಡ್ತಾರಲ್ಲ, ಅದರಲ್ಲಿ ಯಾವುದಕ್ಕೆ ಟಿಕ್ ಹಾಕ್ತೀಯ?”

“ಇತರೆಗೆ. ನಾನೇನು ವ್ಯಾಪಾರಕ್ಕೆ ಬರ್ತೀನಾ?”

“ಕುಟುಂಬ ಭೇಟಿ ಅಂತ ಹಾಕ್ಬಾರ್ದಿತ್ತಾ? ನಮ್ಮನೇಲೇ ಇರ್ತೀಯಲ್ಲ.”

“ನಿನ್ನ ಮುಖ ನೋಡೋಕೆ ಯಾರು ವಿಮಾನ ಹತ್ತಿ ಬರ್ತಾರೆ ಕಣೋ? ಸುಳ್ಳು ಬರೀಬೇಡಿ ಅಂತ ಕೆಳಗೆ ದಪ್ಪ ಅಕ್ಷರದಲ್ಲಿ ಬೇರೆ ಹಾಕಿದಾರೆ. ಅರ್ಧ ವಿಮಾನ ಕೂದಲು ಉದುರಿದೋರೇ ಕೂತಿರ್ತೀವಿ, ಆಸ್ಪತ್ರೆ ಅನ್ನೋದು ಆ ಮಹಾಶಯನಿಗೆ ಹೊಳೀಲಿಲ್ಲ ನೋಡು! ಯಾವನೋ ತಲೆ ಇಲ್ದೋನು.”

“ನಾನೇ ಅಕ್ಕಾ ಅದನ್ನ ಬರೆದಿದ್ದು.”

ಅವಳು ಕೆಮ್ಮು ಬರುವಷ್ಟು ನಕ್ಕಳು. “ಹಂಗಾದ್ರೆ ನಾನು ನಿನ್ನ ಇತರೆ ಅಕ್ಕ ಅನ್ನು.”

ವಿಮಾನ ನಿಲ್ಲುವ ವಿಷಯ ಬಾಯಿಗೆ ಬರಲಿಲ್ಲ. ನನಗೆ ಮಗ್ಗಿ ಕಲಿಸಿದವಳು ಅವಳೇ.

ಮರುದಿನ ನಿರ್ದೇಶಕರ ಕೋಣೆಗೆ ನುಗ್ಗಿದೆ. ಅವರನ್ನು ನಾವು ಇಸ್ತ್ರಿ ಎನ್ನುತ್ತೇವೆ. ಅಂಗಿಯಲ್ಲೂ ಸುಕ್ಕಿಲ್ಲ, ಕಡತದಲ್ಲೂ ಸುಕ್ಕು ಉಳಿಸುವವರಲ್ಲ. ಫಾರಂ ತಪ್ಪು, ತಪ್ಪು ನನ್ನದು, ಪ್ರಯಾಣಿಕರಲ್ಲಿ ಹೆಚ್ಚಿನವರು ರೋಗಿಗಳು, ಆದ್ದರಿಂದ ಮಾರ್ಗ ನಿಲ್ಲಿಸಬಾರದು ಎಂದು ಬರೆದ ಎರಡು ಪುಟದ ಟಿಪ್ಪಣಿಯನ್ನು ಮುಂದಿಟ್ಟೆ.

ನಿಧಾನವಾಗಿ ಓದಿದರು. “ತಪ್ಪು ಒಪ್ಕೊಳ್ಳೋದು ದೊಡ್ಡ ಗುಣ ಕಣ್ರೀ. ಅಂದ್ರೆ, ಎಂಟು ವರ್ಷದ ಅಂಕಿಅಂಶ ನಂಬೋ ಹಾಗಿಲ್ಲ?”

“ಇಲ್ಲ ಸಾರ್.”

“ನಂಬೋ ಹಾಗಿಲ್ಲದ ಅಂಕಿಅಂಶ ಇಟ್ಕೊಂಡು ಸಹಾಯಧನ ಕೊಡೋ ಹಾಗೂ ಇಲ್ಲ. ಹೊಸ ಸಮೀಕ್ಷೆ ಆಗೋವರೆಗೆ ಮಾರ್ಗ ಸ್ಥಗಿತ. ನಿಯಮ ನಿಮಗೆ ಗೊತ್ತಲ್ಲ.”

“ವಿಮಾನ ನಿಂತ ಮೇಲೆ ಯಾರನ್ನ ಸಮೀಕ್ಷೆ ಮಾಡ್ಲಿ? ರನ್‌ವೇ ಮೇಲಿನ ಹುಲ್ಲನ್ನ ಕೇಳ್ಲಾ?”

“ಧ್ವನಿ ತಗ್ಗಿಸಿ.”

“ನಮ್ಮಕ್ಕ ಅದರಲ್ಲಿ ಬರ್ತಾಳೆ ಸಾರ್. ಕೀಮೋಗೆ.”

ಅವರು ಪೆನ್ನು ಕೆಳಗಿಟ್ಟರು. ಮುಖದಲ್ಲಿ ನಿಜವಾದ ಮರುಕವಿತ್ತು. ಅದೇ ನನಗೆ ಸಹಿಸಲಾಗದ್ದು. “ಇನ್ನೆಷ್ಟು ಸಲ?”

“ನಾಲ್ಕು. ಮೂರು ತಿಂಗಳು.”

“ಅಯ್ಯೋ, ಮಾರಾಯ್ರೇ. ಸುಮ್ನೆ ಇರಬಾರ್ದಿತ್ತಾ? ಹಳೇ ಕಡತ ಸಮಿತಿಗೆ ಹೋಗ್ಬೇಕಿತ್ತು, ಬರೋಕೆ ಆರು ತಿಂಗಳು ಹಿಡೀತಿತ್ತು, ಅಲ್ಲೀವರೆಗೆ ವಿಮಾನ ಹಾರ್ತಿತ್ತು. ಈಗ ತಪ್ಪು ಅಂತ ಬರೆದುಕೊಟ್ಟಿದೀರಿ, ರಿಜಿಸ್ಟರಿನಲ್ಲಿ ನಂಬರ್ ಹಾಕಿಸ್ಕೊಂಡೇ ಒಳಗೆ ಬಂದಿದೀರಿ. ನಾನು ಇವತ್ತೇ ಸಹಿ ಹಾಕ್ಬೇಕು.”

ಹಾಕಿದರು. ‘ಅರ್ಥಶಾಸ್ತ್ರಜ್ಞರ ಟಿಪ್ಪಣಿಯ ಆಧಾರದ ಮೇಲೆ’ ಎಂದೂ ಬರೆದರು. ಊರಿಗೆಲ್ಲ ಲೆಕ್ಕ ಹೇಳುವ ನಾನು ನಾಲ್ಕು ಮೂರಲೆ ಹನ್ನೆರಡು ವಾರ ಎಂದು ಎಣಿಸಲಿಲ್ಲ. ಸಿಟ್ಟು ಬಂದಾಗ ನನಗೆ ಮಗ್ಗಿಯೂ ಮರೆಯುತ್ತದೆ.

ಮೂರು ವಾರ ಕಳೆದು ಬಸ್ ನಿಲ್ದಾಣದಲ್ಲಿ ಕಾಯುತ್ತಿದ್ದೆ. ಅಕ್ಕ ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಇಳಿದಳು. ಬೆಂಚಿನ ಮೇಲೆ ಕೂರಿಸಿದೆ. ಚಪ್ಪಲಿಯ ಮೇಲೆಲ್ಲ ವಾಂತಿ.

“ಒರೆಸೋಕೆ ಏನಾದ್ರೂ ಇದ್ಯೇನೋ?”

ಚೀಲದಲ್ಲಿ ಇದ್ದದ್ದು ಹೊಸ ಫಾರಮ್ಮಿನ ಕಟ್ಟು. ಅಂದು ಬೆಳಿಗ್ಗೆ ತಾನೇ ಮುದ್ರಣವಾಗಿ ಬಂದಿತ್ತು. ಅಕ್ಕ ಒಂದು ಹಾಳೆ ಎಳೆದುಕೊಂಡು ಕಣ್ಣು ಕಿರಿದು ಮಾಡಿ ಓದಿದಳು. ಐದು ಚೌಕ. ಮೊದಲನೆಯದೇ ಚಿಕಿತ್ಸೆ.

“ಚೆನ್ನಾಗಿದೆ. ಯಾರಿಗೆ ಕೊಡ್ತೀಯ ಇದನ್ನ?”

ಅವಳ ಕೈಯಿಂದ ಹಾಳೆ ತೆಗೆದುಕೊಂಡು ನೆಲಕ್ಕೆ ಕೂತು ಚಪ್ಪಲಿ ಒರೆಸಿದೆ. ಸಾಲಲಿಲ್ಲ. ಇನ್ನೊಂದು ತೆಗೆದೆ.

“ಗಟ್ಟಿ ಕಾಗದ ಕಣೋ,” ಎಂದಳು ಅಕ್ಕ, ಕಣ್ಣು ಮುಚ್ಚಿಕೊಂಡು. “ಕಟ್ಟು ಎಸೀಬೇಡ. ವಾಪಸ್ ಹೋಗೋವಾಗ ಬೇಕಾಗುತ್ತೆ.”